ಅನ್ನ ಇದೆ, ಅನ್ನದ ಜೊತೆಗೆ ಏನಿದೆ? ಮಲೆನಾಡಿನ ಕೂಲಿ ಮನೆಗಳ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯ ಕೂಲಿ ಮನೆಗಳಲ್ಲಿ, ಸ್ವಸಹಾಯ ಸಂಘದ ಸಭೆಗಳಲ್ಲಿ, ಅಂಗನವಾಡಿ ಜಗಲಿಯಲ್ಲಿ ಮತ್ತೆ ಮತ್ತೆ ಎದ್ದು ಬರುವ ಪ್ರಶ್ನೆಗಳಿವು. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಓದಿ ಹೇಳಲಿಕ್ಕೂ ಅನುಕೂಲವಾಗುವ ಹಾಗೆ ಬರೆದಿದ್ದೇವೆ.

ಮೂರು ಹೊತ್ತೂ ಅನ್ನ ಉಣ್ಣುತ್ತೇವೆ. ಆದರೂ ಆಸ್ಪತ್ರೆಗೆ ಹೋದರೆ ‘ರಕ್ತ ಕಡಿಮೆ ಇದೆ’ ಅಂತಾರೆ. ಯಾಕೆ?

ಅನ್ನ ಹೊಟ್ಟೆ ತುಂಬಿಸುತ್ತದೆ, ದುಡಿಯಲಿಕ್ಕೆ ಬಲ ಕೊಡುತ್ತದೆ. ಆದರೆ ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಕಬ್ಬಿಣದ ಅಂಶ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಪ್ರೋಟೀನ್ ಇರುವುದು 7ರಿಂದ 8 ಗ್ರಾಂ. ರಕ್ತ ಆಗಬೇಕಾದರೆ, ಮಕ್ಕಳು ಬೆಳೆಯಬೇಕಾದರೆ ಬೇಕಾದದ್ದೆಲ್ಲ ಅನ್ನದ ಪಕ್ಕದಲ್ಲಿ ಬಡಿಸುವ ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಮೀನು, ಹಾಲಿನಿಂದ ಬರಬೇಕು. ನಮ್ಮ ಕಡೆ ಕೊರತೆ ಇರುವುದು ಅಲ್ಲೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಬ್ಬರ ಒಂದು ದಿನದ ತಟ್ಟೆಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮೀನು, 400 ಗ್ರಾಂ ತರಕಾರಿ ಸೊಪ್ಪು ಎಂದು ಲೆಕ್ಕ ಕೊಟ್ಟಿದ್ದಾರೆ. ನಾಲ್ಕು ಜನರ ಮನೆಗೆ ತಿಂಗಳ ಲೆಕ್ಕ ಹಾಕಿ ನೋಡಿ: ಧಾನ್ಯ 30 ಕೆಜಿ, ಬೇಳೆಕಾಳು 10 ಕೆಜಿ, ತರಕಾರಿ 48 ಕೆಜಿ. ಧಾನ್ಯದ ಪಾಲು ರೇಷನ್ ಸೊಸೈಟಿಯಿಂದ ಬಹುಮಟ್ಟಿಗೆ ಬಂದುಬಿಡುತ್ತದೆ. ಹತ್ತು ಕೆಜಿ ಬೇಳೆಕಾಳು ಕೊಳ್ಳುವ ಕೂಲಿ ಮನೆ ಎಷ್ಟಿದೆ? ಎರಡು ಕೆಜಿ ತೊಗರಿಬೇಳೆಯಲ್ಲಿ ತಿಂಗಳು ತಳ್ಳುವ ಮನೆಗಳೇ ಹೆಚ್ಚು. ಇದನ್ನು ಹೆಂಗಸರ ಉದಾಸೀನ ಅಂತ ಬೈಯುವವರಿದ್ದಾರೆ. ಅದು ಅನ್ಯಾಯ. ಸಾಮಾನು ದೂರ, ದುಬಾರಿ, ಬೇಯಿಸುವುದೂ ಕಷ್ಟ. ಒಂದೊಂದನ್ನೂ ಕೆಳಗೆ ನೋಡೋಣ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು.

ರಕ್ತ ಕಡಿಮೆಯಾಗಲು ಊಟ ಒಂದೇ ಕಾರಣವೇ?

ಅಲ್ಲ. ಮಲೆನಾಡಿನ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳು ಇರುತ್ತದೆ. ತೋಟದಲ್ಲಿ, ಗದ್ದೆಯಂಚಿನಲ್ಲಿ ಬರಿಗಾಲಲ್ಲಿ ಓಡಾಡಿದರೆ ಅದರ ಮರಿ ಅಂಗಾಲಿನ ಚರ್ಮ ಕೊರೆದು ಒಳಗೆ ಸೇರಿ, ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಅಂಥವರಿಗೆ ಎಷ್ಟು ಸೊಪ್ಪು ತಿನ್ನಿಸಿದರೂ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ತೋಟದ ಕೆಲಸಕ್ಕೆ ಗಂಬೂಟು ಅಥವಾ ಚಪ್ಪಲಿ ಬೇಕು, ಬಯಲಿಗೆ ಹೋಗುವುದು ನಿಲ್ಲಬೇಕು. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬಾರದು. ದೊಡ್ಡವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಬೇಕು. ಗರ್ಭಿಣಿಯರು ವೈದ್ಯರು ಹೇಳಿದ ಮೇಲಷ್ಟೇ ತೆಗೆದುಕೊಳ್ಳಬೇಕು.

ಇನ್ನೊಂದು ಕಾರಣ ಚಹಾ ಮತ್ತು ಎಲೆಯಡಿಕೆ. ಊಟದ ಜೊತೆಗೋ ಊಟವಾದ ಕೂಡಲೇ ಆಗಲಿ ಚಹಾ ಕುಡಿದರೆ ಅದರ ಒಗರು ಊಟದಲ್ಲಿದ್ದ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ. ಚಹಾ ಬಿಡಿ ಎಂದು ನಾವು ಹೇಳುವುದಿಲ್ಲ, ಚಳಿಯಲ್ಲಿ ದುಡಿಯುವವರಿಗೆ ಅದು ಬೇಕು. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇಟ್ಟರೆ ಸಾಕು. ಎಲೆಯಡಿಕೆಯದು ಬೇರೆ ಕಥೆ: ಅದು ಹಸಿವನ್ನೇ ಕೊಲ್ಲುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿ. ಹಸಿವಾದಾಗ ಬಾಯಿಗೆ ಕವಳ ಹಾಕಿಕೊಂಡು ಮಧ್ಯಾಹ್ನದವರೆಗೆ ತಳ್ಳುವ ರೂಢಿ ತಪ್ಪಬೇಕು.

ಸೊಪ್ಪು ಕಾಳಿನ ಊಟಕ್ಕೆ ಹುಳಿ ಸೇರಿಸಿದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ನಿಂಬೆ, ಕಂಚಿ, ನೆಲ್ಲಿಕಾಯಿ ಯಾವುದಾದರೂ ಆದೀತು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಅದರ ಗುಣ ಹೋಗುತ್ತದೆ.

ನಮ್ಮ ಕಾರ್ಡಿಗೆ ಎಷ್ಟು ಅಕ್ಕಿ ಸಿಗಬೇಕು?

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕಾರ್ಡಿಗೆ, ಅಂದರೆ ನಾವು ಬಿಪಿಎಲ್ ಅನ್ನುವ ಕಾರ್ಡಿಗೆ, ತಲಾ 5 ಕೆಜಿ. ಅಂತ್ಯೋದಯ ಕಾರ್ಡಿಗೆ ಜನ ಎಷ್ಟೇ ಇರಲಿ ಮನೆಗೆ 35 ಕೆಜಿ. ಇದರ ಮೇಲೆ ರಾಜ್ಯದ ಅನ್ನಭಾಗ್ಯದ ಪಾಲು ಕಾಲಕಾಲಕ್ಕೆ ಬದಲಾಗಿದೆ. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿಯ ಬದಲು ತಲಾ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಫೆಬ್ರವರಿಯಿಂದ ಹಣದ ಜಾಗದಲ್ಲಿ ಅಕ್ಕಿಯನ್ನೇ ಕೊಡಲು ಶುರುಮಾಡಿದರು. ಆ ತಿಂಗಳು ಏನು ಕೊಡಬೇಕೋ ಅದನ್ನು ಅಂಗಡಿಯ ಹಲಗೆ ಮೇಲೆ ಬರೆದಿರಬೇಕು. ಹಲಗೆ ನೋಡಿ, ಯಂತ್ರದಿಂದ ಬರುವ ಚೀಟಿ ಕೇಳಿ ಪಡೆಯಿರಿ, ತೂಕ ಕಣ್ಣೆದುರೇ ಆಗಲಿ. ಚೀಟಿಯಲ್ಲಿ 20 ಕೆಜಿ ಇದ್ದು ಚೀಲದಲ್ಲಿ 19 ಇದ್ದರೆ, ತಿಂಗಳಿಗೊಂದು ಕೆಜಿ ನಿಮ್ಮ ಮಕ್ಕಳ ತಟ್ಟೆಯಿಂದ ಹೋದಂತೆ.

ಅಡಿಕೆ ಸುಲಿದು ಬೆರಳು ಕಪ್ಪಾಗಿ ಒರಟಾಗಿದೆ. ಯಂತ್ರ ಬೆರಳಚ್ಚು ಹಿಡಿಯುವುದಿಲ್ಲ. ಏನು ಮಾಡಲಿ?

ಸುಗ್ಗಿಯ ತಿಂಗಳುಗಳಲ್ಲಿ ಇದು ಎಲ್ಲ ಕಡೆ ಇರುವ ಗೋಳು. ಅಡಿಕೆಯ ಕರೆ ಹಿಡಿದು, ಕತ್ತಿ ತಾಗಿ ಬೆರಳಿನ ಗೆರೆಗಳು ಅಳಿಸಿಹೋಗಿರುತ್ತವೆ. ಹಿಂದಿನ ರಾತ್ರಿ ಬಿಸಿನೀರಲ್ಲಿ ಕೈ ನೆನೆಸಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಬೆಳಿಗ್ಗೆ ಎಣ್ಣೆ ಪೂರ್ತಿ ಒರೆಸಿಕೊಂಡು ಹೋಗಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವ ಬೆರಳಾದರೂ ನಡೆಯುತ್ತದೆ. ಅಡಿಕೆ ಸುಲಿಯುವಾಗ ಕಡಿಮೆ ಸವೆಯುವುದು ಕಿರುಬೆರಳು, ಉಂಗುರ ಬೆರಳು. ಅವನ್ನೇ ಮೊದಲು ಇಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಯಾರೇ ಹೋದರೂ ಇಡೀ ಮನೆಯ ಪಾಲು ತರಬಹುದು. ಯಾರದ್ದೂ ಆಗದಿದ್ದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ತರಿಸುವ ದಾರಿ ಇದೆ. ಅದಕ್ಕೆ ನಂಬರ್ ಚಾಲ್ತಿಯಲ್ಲಿರಬೇಕು. ರೀಚಾರ್ಜ್ ಮಾಡದೆ ಬಿಟ್ಟ ಹಳೇ ಸಿಮ್ಮಿನ ನಂಬರ್ ಇದ್ದರೆ ಆಧಾರ್ ಕೇಂದ್ರದಲ್ಲಿ ಈಗಲೇ ಬದಲಿಸಿಕೊಳ್ಳಿ.

ನೆಟ್‌ವರ್ಕ್ ಇಲ್ಲ ಅಂತ ತಿರುಗಿ ಕಳಿಸಿದರೆ ತಿಂಗಳ ಕೊನೆಯ ದಿನಗಳವರೆಗೆ ಕಾಯಬೇಡಿ. ಆ ತಿಂಗಳ ಪಾಲು ಸಾಮಾನ್ಯವಾಗಿ ಮುಂದಿನ ತಿಂಗಳಿಗೆ ದಾಟುವುದಿಲ್ಲ. ನಿಮ್ಮ ಊರಿನ ಅಂಗಡಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟೂ ಇಲ್ಲ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯಬಹುದು. ಕೆಲಸಕ್ಕೆ ಪೇಟೆಗೆ ಹೋಗುವವರು ಅಲ್ಲೇ ತಂದುಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಸೊಸೆಯ ಹೆಸರು, ಮಗುವಿನ ಹೆಸರು ಕಾರ್ಡಿಗೆ ಸೇರಿಲ್ಲ.

ಸೊಸೆಯ ಹೆಸರು ತವರಿನ ಕಾರ್ಡಿನಲ್ಲಿ ಇರುವವರೆಗೂ ಇಲ್ಲಿ ಸೇರುವುದಿಲ್ಲ. ಮೊದಲು ಅಲ್ಲಿ ತೆಗೆಸಬೇಕು. ಅರ್ಜಿಗಳು ತಿರಸ್ಕಾರವಾಗುವುದು ಹೆಚ್ಚಾಗಿ ಇದರಿಂದಲೇ. ಮಗುವಿಗೆ ಜನನ ಪ್ರಮಾಣಪತ್ರ ಬೇಕು. ಅದನ್ನು ಹೆರಿಗೆಯಾದ ಆಸ್ಪತ್ರೆಯಲ್ಲೇ ಕೇಳಿ ಪಡೆದರೆ ಮುಂದೆ ಅಲೆದಾಟ ತಪ್ಪುತ್ತದೆ. ಅರ್ಜಿಯನ್ನು ಗ್ರಾಮ ಒನ್ ಕೇಂದ್ರದಲ್ಲಿ ಹಾಕಬಹುದು. ತಿದ್ದುಪಡಿಗೆ ವೆಬ್‌ಸೈಟ್ ಎಲ್ಲ ದಿನವೂ ತೆರೆದಿರುವುದಿಲ್ಲ, ಆದ್ದರಿಂದ ಕಾಗದಗಳನ್ನು ಜೋಡಿಸಿಟ್ಟುಕೊಂಡು ತೆರೆದ ದಿನವೇ ಹೋಗಿ.

ರೇಷನ್ ಅಕ್ಕಿಯಲ್ಲಿ ‘ಪ್ಲಾಸ್ಟಿಕ್ ಅಕ್ಕಿ’ ಬೆರೆಸುತ್ತಾರಂತೆ, ಹೌದೆ?

ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ವಿಟಮಿನ್ ಸೇರಿಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ ತೆಗೆದ ಸಾರವರ್ಧಿತ ಕಾಳು ಅದು. 100 ಕೆಜಿ ಅಕ್ಕಿಗೆ 1 ಕೆಜಿಯಂತೆ ಬೆರೆಸುತ್ತಾರೆ. ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಅದನ್ನು ನೋಡಿ ಹೆದರಿ ಆರಿಸಿ ಬಿಸಾಡುವವರು, ಕೋಳಿಗೆ ಹಾಕುವವರು ಬಹಳ ಮಂದಿ. ಇಡೀ ಚೀಲದಲ್ಲಿ ಅತಿ ಹೆಚ್ಚು ಕಬ್ಬಿಣ ಇರುವ ಕಾಳು ಅದೇ! ಅಕ್ಕಿಯನ್ನು ಎರಡು ಸಲಕ್ಕಿಂತ ಹೆಚ್ಚು ತಿಕ್ಕಿ ತೊಳೆಯಬೇಡಿ. ಗಂಜಿ ಬಸಿಯುವ ರೂಢಿ ಇದ್ದರೆ ಆ ತಿಳಿಯನ್ನು ಚೆಲ್ಲದೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ. ತಲಸ್ಸೇಮಿಯಾ ಅಥವಾ ಕುಡಗೋಲು ರಕ್ತಕಣದ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಮಾತ್ರ ವೈದ್ಯರನ್ನು ಕೇಳಿ ಕೊಡಿ.

ಕಡಿಮೆ ದುಡ್ಡಿಗೆ ಹೆಚ್ಚು ಪ್ರೋಟೀನ್ ಯಾವುದರಲ್ಲಿ?

100 ಗ್ರಾಂ ಲೆಕ್ಕದಲ್ಲಿ ತೊಗರಿಬೇಳೆ ಮತ್ತು ಹುರುಳಿಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ 25, ಮೊಟ್ಟೆಯಲ್ಲಿ 13 (ಒಂದು ಮೊಟ್ಟೆಯಲ್ಲಿ 6 ಗ್ರಾಂ ಚಿಲ್ಲರೆ), ಸೋಯಾ ಚಂಕ್ಸ್‌ನಲ್ಲಿ 50ಕ್ಕೂ ಹೆಚ್ಚು. 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ 46 ಗ್ರಾಂ ಬೇಕು. ಸಂತೆಯ ಆ ವಾರದ ಬೆಲೆ ಇಟ್ಟುಕೊಂಡು ನೀವೇ ಹೋಲಿಸಿ. ಹುರುಳಿ ಬಹುಪಾಲು ವಾರ ತೊಗರಿಗಿಂತ ಅಗ್ಗವಾಗಿರುತ್ತದೆ. ಎಷ್ಟೋ ಮನೆಯಲ್ಲಿ ಹುರುಳಿ ಅಂದರೆ ದನದ ದಾಣಿ ಎಂಬ ತಾತ್ಸಾರ ಇದೆ, ಬಡವರ ಮನೆಯಲ್ಲೂ ನೆಂಟರ ಮುಂದೆ ಇಡಲು ನಾಚುತ್ತಾರೆ. ನಾಚಬೇಕಾದ್ದು ಏನೂ ಇಲ್ಲ. ಕಟ್ಟಿನ ಸಾರು ಮಾಡಿ ತಿಳಿಯನ್ನಷ್ಟೇ ಉಂಡರೆ ಮಾತ್ರ ಲಾಭ ಅರ್ಧಕ್ಕೆ ನಿಲ್ಲುತ್ತದೆ. ಬೆಂದ ಕಾಳು ಪಲ್ಯವಾಗಿ ತಟ್ಟೆಗೆ ಬರಲೇಬೇಕು, ಅದರಲ್ಲೂ ಕೊನೆಗೆ ಉಣ್ಣುವ ಮನೆಯೊಡತಿಯ ತಟ್ಟೆಗೆ.

ಮೀನು ತಿನ್ನುವವರಿಗೆ ಒಣ ಸೀಗಡಿ, ಒಣ ಮೀನು ಮಳೆಗಾಲದ ಆಸ್ತಿ. ಮುಷ್ಟಿಯಷ್ಟು ಸೀಗಡಿ ಹುರಿದು ಚಟ್ನಿ ಮಾಡಿದರೆ ನಾಲ್ಕು ಜನಕ್ಕಾಗುತ್ತದೆ. ಉಪ್ಪು ಹೆಚ್ಚಿರುವುದರಿಂದ ಬಿಸಿನೀರಲ್ಲಿ ಒಮ್ಮೆ ತೊಳೆಯಿರಿ. ಬಿಪಿ ಇರುವವರು ಮಿತವಾಗಿ ತಿನ್ನಲಿ.

ಮಳೆಗಾಲದಲ್ಲಿ ಸೌದೆ ಒದ್ದೆ, ಗ್ಯಾಸ್ ದುಬಾರಿ. ಕಾಳು ಬೇಯಿಸಲು ಆಗುವುದೇ ಇಲ್ಲ.

ಬೇಳೆ ಕಮ್ಮಿಯಾಗಲು ಬೆಲೆಯಷ್ಟೇ ದೊಡ್ಡ ಕಾರಣ ಇದು, ಆದರೆ ಯಾವ ಸಭೆಯಲ್ಲೂ ಇದರ ಮಾತು ಬರುವುದಿಲ್ಲ. ಹುರುಳಿಯನ್ನು ರಾತ್ರಿ 10ರಿಂದ 12 ಗಂಟೆ ನೆನೆಹಾಕಿ. ನೀರು ಪೂರ್ತಿ ಬಸಿದು ಬಟ್ಟೆಯಲ್ಲಿ ಕಟ್ಟಿ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ತೂಗುಹಾಕಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ, ಆರಿದ್ರಾ ಪುನರ್ವಸು ಮಳೆಯ ಥಂಡಿಯಲ್ಲಿ ಒಂದೂವರೆ ದಿನ ಬೇಕು. ಮೊಳಕೆಕಾಳು ಬೇಗ ಬೇಯುತ್ತದೆ, ಅದರ ಕಬ್ಬಿಣವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಲೋಳೆಯಾಗಿ ಹುಳಿ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲ ಎಂದರ್ಥ. ಅದನ್ನು ತಿನ್ನಬೇಡಿ. ಮಳೆಗಾಲದ ಮೊಳಕೆಯನ್ನು ಹಸಿಯಾಗಿ ಕೊಡದೆ ಬೇಯಿಸಿಯೇ ಕೊಡಿ.

ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದು ಬೇಡ, ಬಿ1 ವಿಟಮಿನ್ ನಾಶವಾಗುತ್ತದೆ. ಸೌದೆಗೆ ರೋಹಿಣಿ ಮಳೆಗೆ ಮುಂಚೆಯೇ ಒಲೆಯ ಮೇಲಿನ ಅಟ್ಟದಲ್ಲಿ ಜಾಗ ಮಾಡಿ. ಸ್ವಸಹಾಯ ಸಂಘದಿಂದ ಸಾಲ ತೆಗೆಯುವುದಾದರೆ 5 ಲೀಟರಿನ ಕುಕ್ಕರಿಗೆ ತೆಗೆಯುವುದು ಒಳ್ಳೆಯ ಸಾಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂತೆಗೆ ಹೋಗುವುದೇ ಕಷ್ಟ. ತರಕಾರಿಗೆ ಏನು ಮಾಡಬೇಕು?

ನಮ್ಮ ಹಿರಿಯರು ಬೇಸಿಗೆಯಲ್ಲೇ ಮಳೆಗಾಲದ ಅಡುಗೆ ಮಾಡಿಡುತ್ತಿದ್ದರು. ಅದನ್ನು ಪೂರ್ತಿ ಬಿಟ್ಟಿದ್ದರಿಂದ ಈಗ ಜಡಿಮಳೆಯ ನಾಲ್ಕು ತಿಂಗಳು ಕೊಟ್ಟೆಯಲ್ಲಿ ತಂದ ಆಲೂಗಡ್ಡೆ ಈರುಳ್ಳಿಯೇ ಗತಿಯಾಗಿದೆ.

ಹಲಸು ಎಲ್ಲಕ್ಕಿಂತ ದೊಡ್ಡ ಆಸರೆ. ಮೇ ತಿಂಗಳಲ್ಲಿ ಬಲಿತ, ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ, ನಾಲ್ಕೈದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪಿನಂತೆ ಪದರ ಪದರವಾಗಿ ಭರಣಿಗೆ ತುಂಬಿ, ಮೇಲೆ ಭಾರ ಹೇರಿ. ಉಪ್ಪುನೀರು ಬಿಟ್ಟುಕೊಂಡು ಸೊಳೆ ಮುಳುಗಿರಬೇಕು. ಮುಳುಗದೆ ಗಾಳಿಗೆ ತಾಗಿದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಅಡುಗೆಗೆ ಮುಂಚೆ ಒಂದೆರಡು ಗಂಟೆ ನೀರಲ್ಲಿಟ್ಟು, ನೀರು ಎರಡು ಸಲ ಬದಲಿಸಿ ಉಪ್ಪು ಬಿಡಿಸಿ. ಹಲಸಿನ ಬೀಜವನ್ನು ತೊಳೆದು ನೆರಳಲ್ಲಿ ಆರಿಸಿ ಒಣ ಮರಳಿನಲ್ಲಿ ಮುಚ್ಚಿಟ್ಟರೆ ಮಳೆಗಾಲವೆಲ್ಲ ಬರುತ್ತದೆ. ಪಲ್ಯಕ್ಕೆ, ಹುಳಿಗೆ, ಸುಟ್ಟು ಮಕ್ಕಳಿಗೆ ಕೊಡಲಿಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಸಾಂಬಾರು ಸೌತೆಯನ್ನು ತೊಟ್ಟು ಮುರಿಯದೆ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಒಂದಕ್ಕೊಂದು ತಾಗಿದರೆ ತಾಗಿದಲ್ಲಿ ಕೊಳೆಯುತ್ತದೆ. ಚೀನಿಕಾಯಿ ಅಂದರೆ ಸಿಹಿಗುಂಬಳ, ಬೂದುಗುಂಬಳವೂ ಹೀಗೆಯೇ.

ಬಾಳೆದಿಂಡು, ಬಾಳೆಹೂವು, ಪಪ್ಪಾಯಿಕಾಯಿ ವರ್ಷವಿಡೀ ಸಿಗುತ್ತವೆ. ಗೊನೆ ಕಡಿದ ಮೇಲೆ ದಿಂಡನ್ನು ತೋಟದಲ್ಲೇ ಕೊಳೆಯಲು ಬಿಡುವ ಒಡೆಯರು ಬಹಳ, ಕೇಳಿದರೆ ಇಲ್ಲ ಎನ್ನುವವರು ಕಡಿಮೆ.

ಸಂತೆಗೆ ಹೋಗುವವರು ನಾಲ್ಕೈದು ಮನೆಯವರು ಸೇರಿ, ಒಬ್ಬರನ್ನು ಸರದಿಯಲ್ಲಿ ಕಳಿಸಿ ಎಲ್ಲರಿಗೂ ತರಿಸಿಕೊಳ್ಳಿ. ಸಂತೆ ಏಳುವ ಹೊತ್ತಿಗೆ ಬೆಲೆ ಇಳಿಯುತ್ತದೆ, ಆದರೆ ಕೊನೆಯ ಬಸ್ಸೂ ಆಗಲೇ ಹೊರಡುತ್ತದೆ ಎಂಬುದೇ ಮಲೆನಾಡಿನ ಕಷ್ಟ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ನಿಜ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದಕ್ಕೆ ದುಡ್ಡು ಕೊಡಲೇಬೇಕು. ಸರದಿ ಕಟ್ಟಿಕೊಂಡರೆ ಆ ಖರ್ಚು ಐದರಲ್ಲಿ ಒಂದು ಪಾಲಾಗುತ್ತದೆ.

ಕಾಡಿನ, ಬೇಲಿಯ ಸೊಪ್ಪು ಗೆಡ್ಡೆ ತಿನ್ನಬಹುದೆ? ಏನು ಎಚ್ಚರ ಬೇಕು?

ತಿನ್ನಬೇಕು. ತಗಟೆ ಸೊಪ್ಪು, ಒಂದೆಲಗ, ಕೆಸು, ಗೋಳಿ ಸೊಪ್ಪು ನಮ್ಮ ನೆಲ ಪುಕ್ಕಟೆ ಕೊಡುವ ಔದಾರ್ಯ. ಆದರೆ ಒಂದೊಂದಕ್ಕೂ ಒಂದು ಕ್ರಮ ಇದೆ.

ಕಳಲೆಯನ್ನು ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿ ಇಡಬೇಕು, ದಿನವೂ ನೀರು ಬದಲಿಸಬೇಕು, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷಾಂಶ ಇದೆ. ಅವಸರ ಮಾಡಿದರೆ ವಾಂತಿ, ತಲೆಸುತ್ತು. ಮರಗೆಣಸಿಗೂ ಇದೇ ಮಾತು: ಸಿಪ್ಪೆ ದಪ್ಪಗೆ ತೆಗೆದು, ಮುಚ್ಚಳ ಹಾಕದೆ ಬೇಯಿಸಿ, ನೀರು ಚೆಲ್ಲಿ. ಮೀಸಲು ಅರಣ್ಯದಲ್ಲಿ ಕಳಲೆ ಕಡಿಯುವುದು ಅಪರಾಧ, ಮನೆಯ ಬಿದಿರು ಮೆಳೆಯದ್ದು ಮಾತ್ರ ತೆಗೆಯಿರಿ. ಕೆಸು ತುರಿಸುವುದು ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಹುಣಸೆ ಅಥವಾ ವಾಟೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು. ಮೂತ್ರಪಿಂಡದ ಕಲ್ಲು ಇರುವವರಿಗೆ ಬೇಡ. ಚಕ್ರಮುನಿ ಸೊಪ್ಪು ಪಲ್ಯಕ್ಕೆ ಒಳ್ಳೆಯದು, ಹಸಿ ರಸ ಮಾಡಿ ದಿನಾ ಕುಡಿದರೆ ಶ್ವಾಸಕೋಶಕ್ಕೆ ಪೆಟ್ಟು. ಅಣಬೆಯ ವಿಷಯದಲ್ಲಿ ಒಂದೇ ನಿಯಮ: ಮನೆಯ ಹಿರಿಯರು ವರ್ಷಾವರ್ಷ ಅದೇ ಜಾಗದಲ್ಲಿ ಕಿತ್ತು ತಿಂದದ್ದನ್ನು ಬಿಟ್ಟು ಬೇರೆಯದು ಮುಟ್ಟಬೇಡಿ. ಬೆಳ್ಳಿ ಚಮಚ ಹಾಕಿ ಪರೀಕ್ಷಿಸುವುದೆಲ್ಲ ಸುಳ್ಳು.

ಅಡಿಕೆ ಮರದ ಬುಡದ ಸೊಪ್ಪಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮಳೆಯಲ್ಲಿ ಅದು ಕೆಳಗಿನ ಎಲೆಗಳ ಮೇಲೆ ಇಳಿಯುತ್ತದೆ. ಔಷಧಿ ಹೊಡೆದ ತೋಟದಲ್ಲಿ, ಕಳೆನಾಶಕ ಹೊಡೆದ ರಸ್ತೆಬದಿಯಲ್ಲಿ ಸೊಪ್ಪು ಕೊಯ್ಯಬೇಡಿ.

ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣುಗು ಹೆಚ್ಚು. ಆಗ ಕಾಡಿಗೆ ಹೋಗಲೇಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗ ಸತ್ತ ಜಾಗದ ಹತ್ತಿರ ಹೋಗಲೇಬೇಡಿ.

ನಮಗೆ ಜಮೀನಿಲ್ಲ. ಲೈನ್ ಮನೆಯಲ್ಲಿ ಇರುವುದು. ಕೈತೋಟ ಹೇಗೆ?

ಹತ್ತಡಿ ಉದ್ದ, ಹತ್ತಡಿ ಅಗಲ ಜಾಗ ಸಾಕು. ಅದೂ ಇಲ್ಲದಿದ್ದರೆ ಸಿಮೆಂಟ್ ಚೀಲ. ಮಲೆನಾಡಿನ ಕೈತೋಟ ಕೆಡುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಮಡಿಯನ್ನು ಒಂದಡಿ ಎತ್ತರ ಏರಿಸಿ, ಸುತ್ತ ಕಾಲುವೆ ತೋಡಿ, ಮೇಲೆ ದರಕು, ಅಂದರೆ ಒಣ ಎಲೆ, ಹೊದಿಸಿ. ಚೀಲವಾದರೆ ತಳದಲ್ಲಿ ಏಳೆಂಟು ತೂತು ಮಾಡಿ, ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಸಗಣಿ ಗೊಬ್ಬರ, ಒಂದು ಪಾಲು ಮರಳು ತುಂಬಿ. ನಮ್ಮ ಮಣ್ಣು ಹುಳಿ ಮಣ್ಣು, ಆದ್ದರಿಂದ ಚೀಲಕ್ಕೆ ಎರಡು ಹಿಡಿ ಒಲೆಬೂದಿ ಸೇರಿಸಿ.

ಎಲ್ಲಕ್ಕೂ ಮೊದಲು ಬಸಳೆ. ಒಂದು ಗೇಣಿನ ಬಳ್ಳಿ ತುಂಡು ಊರಿ ಚಪ್ಪರ ಕೊಟ್ಟರೆ ಮಳೆಗೂ ಜಗ್ಗುವುದಿಲ್ಲ. ಚಕ್ರಮುನಿಯ ಕಡ್ಡಿಯನ್ನು ಬೇಲಿಯಂಚಿಗೆ ನೆಡಿ, ಕತ್ತರಿಸಿದಷ್ಟೂ ಚಿಗುರುತ್ತದೆ. ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆಯನ್ನು ಮೇ ತಿಂಗಳ ಮುಂಗಾರಿನ ಮೊದಲ ಹನಿಗೆ ಇಟ್ಟರೆ ಡಿಸೆಂಬರ್ ಹೊತ್ತಿಗೆ ಕೀಳಬಹುದು. ಹರಿವೆಯನ್ನು ಜಡಿಮಳೆಯಲ್ಲಿ ಬಿತ್ತಬೇಡಿ, ಬೀಜ ಕೊಚ್ಚಿಹೋಗುತ್ತದೆ. ಏಪ್ರಿಲ್‌ನಲ್ಲಿ ಒಮ್ಮೆ, ಚಿತ್ತೆ ಮಳೆ ಕಳೆದ ಮೇಲೆ ಒಮ್ಮೆ ಬಿತ್ತಿ. ನುಗ್ಗೆಗೆ ಬೇರು ಕೊಳೆಯುವ ಕಾಯಿಲೆ ಬರುವುದರಿಂದ ದಿಬ್ಬದ ಮೇಲೆ ನೆಡಿ, ಕಾಯಿ ಬಿಡದಿದ್ದರೂ ಸೊಪ್ಪು ಸಿಗುತ್ತದೆ. ಬಸವನಹುಳುವನ್ನು ಸಂಜೆ ಒದ್ದೆ ಗೋಣಿತಾಟು ಹಾಸಿಟ್ಟು ಬೆಳಿಗ್ಗೆ ಅದರಡಿ ಸೇರಿದ್ದನ್ನು ಹೆಕ್ಕಿ ತೆಗೆಯಬಹುದು. ಮಂಗಕ್ಕೆ ಮಾತ್ರ ಸುಲಭದ ಉತ್ತರವಿಲ್ಲ. ಗೆಡ್ಡೆ ಮತ್ತು ಸೊಪ್ಪು ಹೆಚ್ಚು, ಕಾಯಿ ಕಡಿಮೆ ಎಂಬಂತೆ ಹಾಕಿದರೆ ನಷ್ಟ ಕಡಿಮೆ.

ಬೀಜ, ಸಸಿಗೆ ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕು ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬೇರೆಯವರ ಜಾಗವಾದರೆ ಒಡೆಯರನ್ನು ಮೊದಲೇ ಕೇಳಿಕೊಳ್ಳಿ.

ಕೋಳಿ ಸಾಕಿದರೆ ಮೊಟ್ಟೆಗಾಗುತ್ತದೆಯೇ?

ನಾಟಿ ಕೋಳಿ ವರ್ಷಕ್ಕೆ 50-60 ಮೊಟ್ಟೆ ಇಡುತ್ತದೆ. ನಾಲ್ಕು ಕೋಳಿ ಇದ್ದರೆ ಇಬ್ಬರು ಮಕ್ಕಳಿಗೆ ವಾರಕ್ಕೆರಡು ಮೊಟ್ಟೆ ತಪ್ಪದೆ ಬರುತ್ತದೆ. ಎಲ್ಲವನ್ನೂ ಅಂಗಡಿಗೆ ಮಾರಿ ಬಿಸ್ಕತ್ತು ತರುವ ಪದ್ಧತಿಯನ್ನು ದಯವಿಟ್ಟು ಬಿಡಿ. ಹಿಂಡಿಗೆ ಹಿಂಡೇ ಸಾಯುವುದು ಕೊಕ್ಕರೆ ರೋಗದಿಂದ. ಅದಕ್ಕೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಇದೆ, ಕೇರಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಬೇಕು.

ಅಂಗನವಾಡಿ ಊಟಕ್ಕೆ ಬಿಪಿಎಲ್ ಕಾರ್ಡ್ ಬೇಕೆ? ಗರ್ಭಿಣಿ ಅಷ್ಟು ದೂರ ನಡೆದು ಹೋಗುವುದು ಹೇಗೆ?

ಯಾವ ಕಾರ್ಡೂ ಬೇಡ. ಆರು ತಿಂಗಳಿಂದ ಆರು ವರ್ಷದ ಯಾವ ಮಗುವಾದರೂ, ಗರ್ಭಿಣಿ, ಬಾಣಂತಿ ಯಾರಾದರೂ ಹಕ್ಕುದಾರರೇ. ವರ್ಷಕ್ಕೆ 300 ದಿನ, ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಮತ್ತು 12-15 ಗ್ರಾಂ ಪ್ರೋಟೀನ್, ಗರ್ಭಿಣಿಗೆ 600 ಕ್ಯಾಲೊರಿ ಮತ್ತು 18-20 ಗ್ರಾಂ ಪ್ರೋಟೀನ್ ಕೊಡಬೇಕೆಂದು ನಿಯಮ. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲೆಲ್ಲ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು ಇದೆ.

ಬಯಲುಸೀಮೆಯ ಊರಿಗೆ ಹೊಂದುವ ಏರ್ಪಾಡು ಇದು. ಇಲ್ಲಿ ಮನೆಯಿಂದ ಮನೆಗೆ ಅರ್ಧ ಮೈಲಿ, ನಡುವೆ ಹಳ್ಳ, ಜಾರುವ ಸಂಕ. ಎಂಟು ತಿಂಗಳ ಬಸುರಿ ಪುಷ್ಯ ಮಳೆಯಲ್ಲಿ ಕೊಡೆ ಹಿಡಿದು ಒಂದು ಊಟಕ್ಕಾಗಿ ಹೋಗಿ ಬರಬೇಕು ಎನ್ನುವುದು ಸರಿಯಲ್ಲ ಎಂದೇ ನಮ್ಮ ನಿಲುವು. ಇದನ್ನು ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಪ್ರತಿ ಕಳಿಸಿ. ಗುಡ್ಡಗಾಡಿನಲ್ಲಿ 150ರಿಂದ 300 ಜನಸಂಖ್ಯೆಯ ಕೇರಿಗೆ ಮಿನಿ ಅಂಗನವಾಡಿ ಕೇಳುವ ಅವಕಾಶ ಇದೆ. ಅರ್ಜಿಗೆ ಮನೆಗಳ ಪಟ್ಟಿ, ಮಕ್ಕಳ ಹೆಸರು ವಯಸ್ಸು, ಈಗಿನ ಅಂಗನವಾಡಿಗೆ ಇರುವ ದೂರ, ಮಳೆಗಾಲದಲ್ಲಿ ದಾಟಬೇಕಾದ ಹಳ್ಳ ಇಷ್ಟನ್ನೂ ಬರೆದು ಗ್ರಾಮಸಭೆಯ ಠರಾವು ಲಗತ್ತಿಸಿ. ಬಾಯಿಮಾತಿನ ಬೇಡಿಕೆಗೆ ಫೈಲು ಇರುವುದಿಲ್ಲ.

ಶಾಲೆಯ ಬಿಸಿಯೂಟದಲ್ಲಿ ಏನಿರಬೇಕು?

ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟಕ್ಕೆ 150, 30, 75, 7.5 ಗ್ರಾಂ. ಕ್ಷೀರಭಾಗ್ಯದ ಹಾಲು 150 ಮಿಲಿ, ಮೊಟ್ಟೆ ಬೇರೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. 100 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ದಿನಕ್ಕೆ 2 ಕೆಜಿ ಬೇಳೆ ಬೇಯಬೇಕು. ಸಾರು ನೀರಾಗಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಪೋಷಕರು ಈ ಲೆಕ್ಕ ಹಿಡಿದು ಕೇಳಬಹುದು, ಅಡುಗೆಯವರ ಮೇಲೆ ರೇಗುವುದಕ್ಕಿಂತ ದಾಸ್ತಾನು ಪುಸ್ತಕ ನೋಡುವುದು ಒಳ್ಳೆಯದು. ಎಷ್ಟೋ ಸಲ ತಪ್ಪು ಇರುವುದು ಮಳೆಗೆ ತಡವಾದ ಸಾಗಣೆಯಲ್ಲಿ. ಶಾಲೆ ನಡೆದ ದಿನ ಊಟ ಸಿಗದಿದ್ದರೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು.

ಮಗುವಿಗೆ ಆರು ತಿಂಗಳಾಯಿತು. ಗಂಜಿ ಕೊಟ್ಟರೂ ಮೈ ಹಿಡಿಯುವುದಿಲ್ಲ.

ಗಂಜಿ ನೀರಾಗಿರುವುದೇ ಕಾರಣ. ಈ ವಯಸ್ಸಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಸುವುದು ಸಣ್ಣ ಲೋಟದಷ್ಟು. ಅದು ತಿಳಿಗಂಜಿಯಲ್ಲೇ ತುಂಬಿದರೆ ಬೆಳೆಯಲಿಕ್ಕೆ ಏನೂ ಉಳಿಯುವುದಿಲ್ಲ. ಚಮಚ ಓರೆ ಮಾಡಿದರೆ ಹರಿದುಹೋಗದಷ್ಟು ಮಂದ ಇರಬೇಕು. ರಾಗಿಯನ್ನು ರಾತ್ರಿ ನೆನೆಸಿ, ಒಂದೆರಡು ದಿನ ಮೊಳಕೆ ಕಟ್ಟಿ, ಒಣಗಿಸಿ ಹುರಿದು ಹಿಟ್ಟು ಮಾಡಿ. ಮೊಳಕೆ ಹಿಟ್ಟಿನ ಸರಿ ಬೇಗ ಗಟ್ಟಿಯಾಗದ ಕಾರಣ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಬೆಂದ ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ, ಮಸೆದ ಬೇಳೆ ಸೇರಿಸಿ. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ 2-3 ಸಲ, ಒಂಬತ್ತು ತಿಂಗಳ ಮೇಲೆ 3-4 ಸಲ, ಎದೆಹಾಲು ಎರಡು ವರ್ಷದವರೆಗೆ ಮುಂದುವರಿಯಲಿ. ಮೊಟ್ಟೆಯನ್ನೂ ಈಗಲೇ ಶುರುಮಾಡಬಹುದು. ಮಳೆಗಾಲದಲ್ಲಿ ಹಿಟ್ಟಿಗೆ ಬೂಷ್ಟು ಬರುವುದರಿಂದ 15 ದಿನಕ್ಕಾಗುವಷ್ಟೇ ಮಾಡಿ. ಕುಡಿಸುವ ನೀರು ಕುದಿಸಿ ಆರಿಸಿದ್ದಾಗಿರಲಿ.

ಅಂಗನವಾಡಿಯಲ್ಲಿ ತೋಳಿನ ಪಟ್ಟಿ ಹಾಕಿ ಅಳತೆ ಕೇಳಿ. ಆರು ತಿಂಗಳಿಂದ ಐದು ವರ್ಷದೊಳಗೆ 12.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರ, 11.5ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಒತ್ತಿದರೆ ಗುಳಿ ಬೀಳುವಂತೆ ಬಾತಿದ್ದರೆ ಅಳತೆಗೂ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ ಮಗುವನ್ನು ಸಾಮಾನ್ಯವಾಗಿ ಎರಡು ವಾರ ಇಟ್ಟುಕೊಂಡು ನೋಡುತ್ತಾರೆ. ಕೂಲಿ ಹೋಗುತ್ತದೆಂದು ಹಿಂಜರಿಯಬೇಡಿ, ತಾಯಿಗೆ ದಿನದ ಭತ್ಯೆ ಇರುತ್ತದೆ, ಕೇಳಿ.

ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ.

ಕಪ್ಪಾಗುವುದು ಸಹಜ. ತೊಳಸುವುದಾದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿ. ಕ್ಯಾಲ್ಸಿಯಂ ಮಾತ್ರೆ, ಹಾಲು, ಚಹಾದ ಜೊತೆ ಬೇಡ, ನಡುವೆ ಎರಡು ಗಂಟೆ ಬಿಡಿ. ಗರ್ಭಿಣಿಗೆ 180 ಮಾತ್ರೆ, ಹೆರಿಗೆಯ ನಂತರ ಮತ್ತೆ 180.

ಸುಗ್ಗಿಗೆ ಬೇರೆ ಜಿಲ್ಲೆಯಿಂದ ಬಂದವರು, ಹಸಲರು, ಗೌಡಲು ಕುಟುಂಬಗಳವರಿಗೆ ಬೇರೆ ಏನಾದರೂ ಇದೆಯೆ?

ಬೇರೆ ಜಿಲ್ಲೆಯ ಕಾರ್ಡು ಇಲ್ಲಿಯೂ ನಡೆಯುತ್ತದೆ. ಕಾರ್ಡಿನಲ್ಲಿ ಹೆಸರಿರುವ ಒಬ್ಬರು ಆಧಾರ್ ಸಂಖ್ಯೆಯೊಂದಿಗೆ ಬಂದರೆ ಸಾಕು. ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಕಳಿಸಿ. ಊರಿನ ಅಂಗನವಾಡಿಯಲ್ಲಿ ಹೆಸರಿದ್ದರೂ ಇಲ್ಲಿಗೆ ವರ್ಗಾಯಿಸಲು ಅಂಗನವಾಡಿಯವರ ಮೊಬೈಲ್ ದಾಖಲೆಯಾದ ಪೋಷಣ್ ಟ್ರ್ಯಾಕರ್‌ನಲ್ಲಿ ದಾರಿ ಇದೆ. ತೋಟದ ಒಡೆಯರು ಈ ಒಂದು ಮಾತನ್ನು ಬಂದ ಮೊದಲ ದಿನವೇ ಕಾರ್ಮಿಕರಿಗೆ ತಿಳಿಸಿದರೆ ಮೂರು ತಿಂಗಳು ಮಕ್ಕಳು ಅಡಿಕೆ ಚಪ್ಪರದಡಿ ಬರೀ ಬನ್ನು ತಿಂದು ಕೂರುವುದು ತಪ್ಪುತ್ತದೆ. ಹಸಲರು, ಗೌಡಲು ಮುಂತಾದ ಬುಡಕಟ್ಟು ಕುಟುಂಬಗಳಿಗೆ ಮೊಟ್ಟೆ, ಕಾಳು, ಎಣ್ಣೆ ಇರುವ ಪೌಷ್ಟಿಕ ಆಹಾರದ ಕಿಟ್ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯಿಂದ ಬರುತ್ತದೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ತಾಲ್ಲೂಕು ಕಚೇರಿಯಲ್ಲಿ ನೋಡಿಸಿಕೊಳ್ಳಿ.

ಕೇಳಿದರೂ ಕೊಡದಿದ್ದರೆ ಯಾರಿಗೆ ಹೇಳಬೇಕು?

ರೇಷನ್ ದೂರಿಗೆ 1967, ಉಚಿತ ಕರೆ. ಕರೆ ಮಾಡುವಾಗ ಕಾರ್ಡಿನ ನಂಬರ್, ಅಂಗಡಿಯ ನಂಬರ್, ಯಾವ ತಾರೀಕು ಎಷ್ಟು ಕೊಟ್ಟರು ಎಂಬುದು ಕೈಯಲ್ಲಿರಲಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಅದಾಗದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಿರಸ್ತೇದಾರರಿಗೆ ಎರಡು ಪ್ರತಿ ಬರೆದು ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅಂಗನವಾಡಿಯದಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಶಾಲೆಯದಕ್ಕೆ ತಾಲ್ಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರು. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದ ನಾಲ್ಕು ಜನ ಜೊತೆಗೆ ಹೋಗಿ, ಅರ್ಜಿಗೆ ಎಲ್ಲರೂ ಸಹಿ ಹಾಕಿ.